‘ಯಾರ ಪೈಕಿ?’ ಎಂದು ಕೇಳುವುದರ ನಿಷೇಧ

ಸಂಖ್ಯೆ: ದಾಖಲೆ/ಅನಾಮಧೇಯ/18/2025-26
ದಿನಾಂಕ: 11-06-2025

ವಿಷಯ: ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ಭಾಗದ ಮನೆಗಳಲ್ಲಿ ಇರಿಸಿರುವ ದಾಖಲೆಗಳನ್ನು ಹುಡುಕುವಾಗ ಯಾರೂ ಯಾರನ್ನೂ ಗುರುತಿಸದಿರುವ ಬಗ್ಗೆ.

ಉಲ್ಲೇಖ:
1) ದಾಖಲೆ ಕೊಠಡಿಯ ಛಾವಣಿ ಕುಸಿದ ಬಗ್ಗೆ ಜವಾನ ಉಳವಪ್ಪನವರ ಮೌಖಿಕ ವರದಿ.
2) ಅನಾಮಧೇಯ ಕಂಪ್ಯೂಟರ್ ಜಾಲಗಳ ಕುರಿತು ಕೆಳಸಹಿದಾರರು ಪಡೆದ ಎರಡು ದಿನಗಳ ತರಬೇತಿ (ಎರಡನೇ ದಿನದ ಊಟದ ನಂತರದ ಭಾಗ ಹೊರತುಪಡಿಸಿ).

ಛಾವಣಿ ಕುಸಿದ ಕಾರಣ, ಸದರಿ ಜಾಲಗಳ ಮಾದರಿಯಲ್ಲೇ ದಾಖಲೆಗಳನ್ನು ಸಾರ್ವಜನಿಕರ ಮನೆಗಳಿಗೆ ಹಂಚಲಾಗಿದ್ದು, ಕೆಳಕಂಡಂತೆ ನಡೆದುಕೊಳ್ಳಲು ಎಲ್ಲರಿಗೂ ತಿಳಿಯಪಡಿಸಲಾಗಿದೆ.

1. ಪ್ರತಿ ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಅದರ ಸಂಖ್ಯೆಗೆ ಅತ್ಯಂತ ಹತ್ತಿರದ ಸಂಖ್ಯೆಯುಳ್ಳ ಮನೆಯ ಟ್ರಂಕಿನಲ್ಲಿ ಇರಿಸಲಾಗಿದೆ. ಯಾವುದು ಎಲ್ಲಿದೆ ಎಂದು ಯಾರಿಗೂ ತಿಳಿಯದಿರುವುದೇ ಅದರ ಭದ್ರತೆ. ಇಲಾಖೆಗೂ ತಿಳಿದಿಲ್ಲವೆಂಬುದನ್ನು ಹೆಮ್ಮೆಯಿಂದ ದಾಖಲಿಸಲಾಗಿದೆ.

2. ಪ್ರತಿ ಮನೆಗೆ ಬೇರೆ ಮೂರು ಮನೆಗಳ ಸಂಖ್ಯೆ ಮಾತ್ರ ಗೊತ್ತಿರತಕ್ಕದ್ದು. ಬೇಡಿಕೆ ಚೀಟಿ ಬಂದಾಗ ದಾಖಲೆ ತಮ್ಮಲ್ಲಿ ಇರದಿದ್ದರೆ, ಆ ಮೂರರಲ್ಲಿ ಸಂಖ್ಯೆ ಹತ್ತಿರವಿರುವ ಮನೆಗೆ ದಾಟಿಸತಕ್ಕದ್ದು. ಹದಿನೆಂಟು ಕೈ ದಾಟಿದರೂ ಸಿಗದಿದ್ದಲ್ಲಿ ‘ಸಿಗಲಿಲ್ಲ’ ಎಂದು ಬರೆದು ಬಂದ ದಾರಿಯಲ್ಲೇ ಹಿಂದಿರುಗಿಸತಕ್ಕದ್ದು.

3. ಚೀಟಿ ತಂದವರು ಕೇಳುತ್ತಿರುವುದು ತಮಗಾಗಿಯೋ ಪರರಿಗಾಗಿಯೋ ಎಂಬುದು ಮುಖದಲ್ಲಿ ಕಾಣಬಾರದು. ಚಹಾ ಕೊಟ್ಟರೆ ಕುಡಿಯಬಹುದು; ಸಕ್ಕರೆ ಎಷ್ಟೆಂದು ಹೇಳಿದರೆ ಗುರುತು ಸಿಗುವುದರಿಂದ ಹೇಳತಕ್ಕದ್ದಲ್ಲ.

4. ಸಿಕ್ಕ ದಾಖಲೆ ಮರಳುವ ದಾರಿಯಲ್ಲಿ ಪ್ರತಿ ಮನೆಯೂ ಒಂದು ಝೆರಾಕ್ಸ್ ಇಟ್ಟುಕೊಳ್ಳತಕ್ಕದ್ದು. ಇದರಿಂದ ಹೆಚ್ಚು ಜನ ಕೇಳಿದ್ದು ಬೇಗ ಸಿಗುತ್ತದೆ. ಶಿಗ್ಗಾಂವಿ ಕಚೇರಿಯ ರಜಾ ಪಟ್ಟಿ ಈಗ ನಾಲ್ಕುನೂರ ಹನ್ನೆರಡು ಟ್ರಂಕುಗಳಲ್ಲಿದೆ. ಟ್ರಂಕು ತುಂಬಿದಾಗ, ಬಹುಕಾಲ ಯಾರೂ ಕೇಳದ ಲಕೋಟೆಯನ್ನು ಒಲೆಗೆ ಹಾಕತಕ್ಕದ್ದು. ಪಿಂಚಣಿಗೆ ಬೇಕಾಗುವ, ಕೆಳಸಹಿದಾರರ ಸೇವಾ ಪುಸ್ತಕವೂ ಎಲ್ಲೋ ಒಂದು ಟ್ರಂಕಿನಲ್ಲಿದ್ದು, ಈವರೆಗೆ ಅದನ್ನು ಯಾರೂ ಕೇಳಿಲ್ಲ. ಅವರು ಇದೇ 30ರಂದು ನಿವೃತ್ತರಾಗುವುದು ಇಲ್ಲಿ ಪ್ರಸ್ತುತವಲ್ಲ.

5. ಬಂಕಾಪುರದ ಕು. ಗುಲ್ನಾರ ಇವರು ನರ್ಸಿಂಗ್ ಪ್ರವೇಶಕ್ಕಾಗಿ ತಮ್ಮ ಜನನ ಪ್ರಮಾಣಪತ್ರ ಕೋರಿದ ಚೀಟಿ ಎರಡು ಬಾರಿ ‘ಸಿಗಲಿಲ್ಲ’ ಎಂದು ಮರಳಿದೆ. ಏರ್ಪಾಡು ಸರಿಯಾಗಿ ನಡೆಯುತ್ತಿರುವುದಕ್ಕೆ ಇದು ಪುರಾವೆ. ಕೊನೆಯ ದಿನಾಂಕ ಮರುದಿನವೇ ಇದ್ದುದರಿಂದ, ಮೂರನೇ ಬಾರಿ ಅವರು ಚೀಟಿಯ ಹಿಂದೆ ತಾವೇ ಹೊರಟು ಮಾಸೂರಿನ ಶ್ರೀಮತಿ ಕರೆವ್ವನವರ ಮನೆ ತಲುಪಿರುತ್ತಾರೆ. ಸದರಿ ಕರೆವ್ವನವರು ಚೀಟಿಯ ಸಂಖ್ಯೆಯನ್ನೂ ನೋಡದೆ, "ಯಾರ ಪೈಕಿ ತಂಗಿ ನೀ?" ಎಂದು ಕೇಳಿರುತ್ತಾರೆ. "ಬಂಕಾಪುರದ ದಾವಲಬಿ ಮಗಳ್ರಿ" ಎಂದು ಗುಲ್ನಾರ ಉತ್ತರಿಸಿರುತ್ತಾರೆ. "ಅಯ್ಯ ನಮ್ಮವ್ವ, ಬಳಿ ಮಾರೂ ದಾವಲಬಿ ಮಗಳೇನ! ಅಳಬ್ಯಾಡ, ಬಾ" ಎಂದ ಕರೆವ್ವನವರು ಓಣಿಯಲ್ಲಿ ನಿಂತು ಕೂಗಿದ್ದರಿಂದ, ಇಪ್ಪತ್ತೆರಡು ಮನೆಗಳವರು ಟ್ರಂಕು ತೆರೆದು, ಪ್ರಮಾಣಪತ್ರವು ಒಂದು ಒಲೆಯ ಪಕ್ಕದಲ್ಲಿ ಅರ್ಧ ಗಂಟೆಯೊಳಗೆ ಸಿಕ್ಕು, ಇಲಾಖೆಗೆ ತೀವ್ರ ಮುಜುಗರ ಉಂಟಾಗಿದೆ.

6. ಆದ್ದರಿಂದ ‘ಯಾರ ಪೈಕಿ?’, ‘ಯಾವೂರಾತು?’, ‘ಅವ್ವ ಆರಾಮದಾಳೇನು?’ ಎಂಬ ಪ್ರಶ್ನೆಗಳನ್ನು ತಕ್ಷಣದಿಂದ ನಿಷೇಧಿಸಿದೆ. ಕರೆವ್ವನವರಿಗೆ ಕಾರಣ ಕೇಳುವ ನೋಟಿಸನ್ನು ಕಂಡಿಕೆ 2ರ ಪ್ರಕಾರ ಕಳುಹಿಸಲಾಗಿದ್ದು, ಅದು ಹದಿನೆಂಟು ಕೈ ದಾಟಿ ‘ಸಿಗಲಿಲ್ಲ’ ಎಂದು ಮರಳಿರುತ್ತದೆ.

ಸಹಿ/-
ದಾಖಲೆ ಅಧಿಕಾರಿ
(ಅನಾಮಧೇಯತೆಯ ದೃಷ್ಟಿಯಿಂದ ಹೆಸರು ನಮೂದಿಸಿಲ್ಲ)

ಪ್ರತಿಗಳು:
1. ಸವಣೂರು ಕಚೇರಿಗೆ: ಸೂಕ್ತ ಟ್ರಂಕಿನಲ್ಲಿಡಲು.
2. ಶಿಗ್ಗಾಂವಿ ಕಚೇರಿಗೆ: ರಜೆ ಇಲ್ಲದ ದಿನ ಓದಿಕೊಳ್ಳಲು.
3. ಉಳವಪ್ಪನವರಿಗೆ: ಛಾವಣಿಯ ಉಳಿದ ಭಾಗದ ಮೇಲೆ ನಿಗಾ ಇಡಲು.
4. ಶ್ರೀಮತಿ ಕರೆವ್ವ, ಮಾಸೂರು, ಇವರಿಗೆ (ಉಳವಪ್ಪನವರ ಮೂಲಕ, ಖುದ್ದಾಗಿ): ಕೆಳಸಹಿದಾರರು ಹಿರೇಕೆರೂರಿನ ಸೈಕಲ್ ಅಂಗಡಿ ಚೌಡಪ್ಪನ ಮಗನೆಂದು ತಿಳಿಸುತ್ತಾ, ದಯವಿಟ್ಟು 30ರೊಳಗೆ ಒಮ್ಮೆ ಓಣಿಯಲ್ಲಿ ಕೂಗಲು ಕೋರಿದೆ.