ಸೋಮಣ್ಣ ಭಾವನ ಎರಡು ರೌಟರ್‌ಗಳಿಗೆ ನಾನು ದಾರಿ ಕಲಿಸಿದ್ದು

ನಾನು ಗೋಣಿಕೊಪ್ಪಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಮಾಡುವ ಮೇಷ್ಟ್ರು. ರೌಟರ್‌ಗಳು ಪರಸ್ಪರ ಮಾತಾಡಿಕೊಂಡು ದಾರಿ ಹುಡುಕುವುದು ಹೇಗೆ ಎಂದು ಬೋರ್ಡಿನ ಮೇಲೆ ಬಾಣ ಬಿಡಿಸಿ ವರ್ಷಗಳಿಂದ ವಿವರಿಸುತ್ತಾ ಬಂದಿದ್ದೇನೆ. ಬೋರ್ಡಿನ ಮೇಲೆ ನನ್ನ ರೌಟರ್‌ಗಳು ಒಮ್ಮೆಯೂ ದಾರಿ ತಪ್ಪಿದವಲ್ಲ. ಹಾಗಾಗಿ ನನ್ನ ಹೆಂಡತಿ ಸರೋಜಳ ಅಣ್ಣ ಸೋಮಣ್ಣ ಭಾವ ಪಾಲಿಬೆಟ್ಟದಿಂದ ಫೋನ್ ಮಾಡಿದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ.

ಅವರ ಎಸ್ಟೇಟ್ ಆಫೀಸಿಗೆ ಕೇಬಲ್ ಇಂಟರ್ನೆಟ್ ಇದೆ. ಸ್ವಲ್ಪ ಮೇಲಿರುವ ಮನೆಯಲ್ಲಿ ಸಿಮ್ ಹಾಕಿ, ಮಾಡಿನ ಮೇಲೆ ಆಂಟೆನಾ ಕಟ್ಟಿದ ಇನ್ನೊಂದು ರೌಟರ್. ಎರಡರ ನಡುವೆ ಒಂದು ವೈರ್. ಕೇಬಲ್ ಮೇಲೆ ಕೊಂಬೆ ಬಿದ್ದರೆ ಯಾರಾದರೂ ಓಡಿಹೋಗಿ ವೈರ್ ಬದಲಿಸಬೇಕು. ಹಿಂದಿನ ಭಾನುವಾರ ಆದದ್ದೂ ಅದೇ. ಭಾವನ ಮಗಳು ದೀಕ್ಷಾಗೆ ನಿಶ್ಚಯವಾದ ಹುಡುಗ ಸೈನ್ಯದಲ್ಲಿದ್ದಾನೆ, ಗಡಿಯ ಹತ್ತಿರ. ಅವನು ಮಾತಿಗೆ ಸಿಗುವುದು ಭಾನುವಾರ ಬೆಳಿಗ್ಗೆ ಮಾತ್ರ. ಮನೆಯವರೆಲ್ಲ ದೀಕ್ಷಾಳ ಸುತ್ತ ಕೂತು ವಿಡಿಯೋ ಕಾಲ್‌ನಲ್ಲಿ ಮದುವೆಯ ಮಾತು ನಡೆಸುತ್ತಿರುವಾಗಲೇ ಹುಡುಗನ ಮುಖ ಬಾಯಿ ತೆರೆದಂತೆಯೇ ನಿಂತುಹೋಯಿತಂತೆ.

"ಒಂದು ದಾರಿ ಕೆಟ್ರೆ ತಾನಾಗೇ ಇನ್ನೊಂದಕ್ಕೆ ಹೋಗೋ ಹಾಗೆ ಮಾಡೋಕಾಗುತ್ತಾ ಮೇಷ್ಟ್ರೆ?" ಎಂದರು ಭಾವ.

"ರೂಟಿಂಗ್ ಪ್ರೋಟೋಕಾಲ್ ಇರೋದೇ ಅದಕ್ಕೆ. ಒಂದು ಲೋಟ ಕಾಫಿ ಕುಡಿಯೋಷ್ಟರಲ್ಲಿ ಮುಗಿಸ್ತೀನಿ" ಎಂದೆ.

ಸರೋಜ ಮಾತ್ರ ಅನುಮಾನದಿಂದ ನೋಡಿದಳು. "ರೀ, ನೀವು ನಿಜವಾದ ರೌಟರ್‌ಗೆ ಯಾವತ್ತಾದ್ರೂ ಕೈ ಹಾಕಿದ್ದೀರಾ?"

"ತತ್ತ್ವ ಒಂದೇ" ಎಂದೆ.

ಭಾನುವಾರ ಪಾಲಿಬೆಟ್ಟಕ್ಕೆ ಹೋಗಿ, ತಿಂಡಿ ಮುಗಿಸಿ ಎಸ್ಟೇಟ್ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಎರಡೂ ರೌಟರ್‌ಗಳಿಗೆ ಒಂದೇ ಬುದ್ಧಿ ಹೇಳಿದೆ: ಹೊರಲೋಕದ ದಾರಿ ನಿನಗೆ ಗೊತ್ತೆಂದು ಪಕ್ಕದವನಿಗೆ ತಿಳಿಸು, ಆದರೆ ನಿನಗೆ ಗೊತ್ತಿರುವುದಕ್ಕಿಂತ ಪಕ್ಕದವನು ಹೇಳಿದ್ದನ್ನೇ ಮೊದಲು ನಂಬು. ನನಗೆ ಇದು ಬಹಳ ಸಭ್ಯ ವ್ಯವಸ್ಥೆಯಾಗಿ ಕಂಡಿತು. ರೌಟರ್‌ಗಳು ಅಕ್ಷರಶಃ ಪಾಲಿಸಿದವು. ಆಫೀಸಿನದು ಬಂದದ್ದನ್ನೆಲ್ಲ ಮನೆಗೆ ಕಳಿಸಿತು. ಮನೆಯದು ಎಲ್ಲವನ್ನೂ ಆಫೀಸಿಗೆ ವಾಪಸ್ ಕಳಿಸಿತು. ಎಸ್ಟೇಟಿನಿಂದ ಹೊರಗೆ ಒಂದಕ್ಷರ ಹೋಗಲಿಲ್ಲ.

"ನೆಟ್ ಇಲ್ವಲ್ಲ ಮೇಷ್ಟ್ರೆ" ಎಂದರು ಭಾವ.

"ಎರಡೂ ಇನ್ನೂ ಪರಿಚಯ ಮಾಡ್ಕೊಳ್ತಾ ಇವೆ" ಎಂದೆ.

ಪರಿಚಯ ಗಟ್ಟಿಯಾಗಲೆಂದು ಅವುಗಳ ಮಾತಿಗೆ ಒಂದು ಪಾಸ್‌ವರ್ಡ್ ಇಟ್ಟೆ. ಒಂದರಲ್ಲಿ ಸರೋಜಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದು 'ಓ' ಹಾಕಿ ಬರೆದೆ, ಇನ್ನೊಂದರಲ್ಲಿ ಎರಡು. ಅವು ಮಾತನ್ನೇ ಬಿಟ್ಟವು. ಅದನ್ನು ಸರಿಪಡಿಸುವ ಅವಸರದಲ್ಲಿ ಯಾವ ವೈರ್ ಮೂಲಕ ಮನೆಯ ರೌಟರ್ ತಲುಪಿದ್ದೆನೋ ಅದೇ ವೈರನ್ನು ಬಂದ್ ಮಾಡಿದೆ. ಬಳಿಕ ಲ್ಯಾಪ್‌ಟಾಪ್ ಹಿಡಿದು ಕಾಫಿ ಗಿಡಗಳ ನಡುವೆ ಮನೆಗೂ ಆಫೀಸಿಗೂ ಓಡಾಡಿದೆ. ಹುಡುಗನ ಕರೆಯ ಹೊತ್ತಾಯಿತೆಂದು ಭಾವ, ಅತ್ತಿಗೆ, ಅತ್ತೆ, ಸರೋಜ ಎಲ್ಲರೂ ನನ್ನ ಹಿಂದೆಯೇ ಬಂದರು. ನಾನು ಮನೆಗೆ ಹೋದರೆ ಅವರೂ ಮನೆಗೆ. ನಾನು ಆಫೀಸಿಗೆ ಬಂದರೆ ಅವರೂ ಆಫೀಸಿಗೆ.

"ಆ ಡಬ್ಬಿ ಹಿಂದೆ ಸಣ್ಣ ತೂತು ಏನದು?" ಎಂದು ಅತ್ತೆ ಕೇಳಿದರು.

"ರೀಸೆಟ್ ಅತ್ತೆ. ಒತ್ತಿದ್ರೆ ಎಲ್ಲ ಮೊದಲಿನ ಹಾಗಾಗುತ್ತೆ."

ಎರಡನ್ನೂ ಒತ್ತಿದೆ. ಮೊದಲಿನ ಹಾಗೆಂದರೆ ನಾನು ಬರುವ ಮೊದಲಿನ ಹಾಗಲ್ಲ, ಕಾರ್ಖಾನೆಯಿಂದ ಹೊರಬಿದ್ದ ದಿನದ ಹಾಗೆ ಎಂಬುದು ಆಗ ನೆನಪಾಯಿತು. ನೆಟ್ ಬರಲೆಂದು ಕೇಬಲ್‌ನವರು ಎರಡರಲ್ಲೂ ಹಾಕಿಕೊಟ್ಟಿದ್ದ ಸಂಖ್ಯೆಗಳೂ ಮಾಯ. ಅವರ ಆಫೀಸಿಗೆ ಭಾನುವಾರ ರಜೆ.

ಸೋಮಣ್ಣ ಭಾವ ಕುರ್ಚಿ ಎಳೆದು ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಪಾಪ, ಆ ಹುಡುಗ ಅಲ್ಲಿ ಕಾಯ್ತಾ ಕೂತಿರ್ತಾನೆ" ಎಂದರು ಅತ್ತೆ. ಅವನು ಮತ್ತೆ ಸಿಗುವುದು ಇನ್ನೊಂದು ವಾರಕ್ಕೆ.

"ದೀಕ್ಷಾ ಎಲ್ಲಿ?" ಎಂದು ಅತ್ತಿಗೆ ಕೇಳಿದ್ದು ಆಗಲೇ. ಅಲ್ಲಿಯವರೆಗೆ ಯಾರೂ ಅವಳನ್ನು ಗಮನಿಸಿರಲಿಲ್ಲ. ಅಳುತ್ತಾ ಎಲ್ಲಿಗೆ ಹೋದಳೋ ಎಂದು ಹುಡುಕಲು ಹೊರಟೆವು. ಮನೆಯ ಹಿಂದಿನ ದಿಣ್ಣೆಯ ಮೇಲೆ, ನೀರಿನ ಟ್ಯಾಂಕಿನ ಕಟ್ಟೆಯಲ್ಲಿ ಕೂತಿದ್ದಳು. ಅಲ್ಲಿ ಮಾತ್ರ ಆಂಟೆನಾ ಇಲ್ಲದೆಯೂ ಮೊಬೈಲ್ ಸಿಗ್ನಲ್ ಸಿಗುತ್ತದಂತೆ. ವಿಡಿಯೋ ಇಲ್ಲ, ಬರೀ ಮಾತು. ಅವಳು ನಗುತ್ತಿದ್ದಳು. ನಾವು ಬರುವುದನ್ನು ಕಂಡು ಮೆಲ್ಲಗೆ "ಇಡ್ತೀನಿ" ಎಂದಳು.

"ನಮ್ಮನ್ನ ಕರೀಬಾರ್ದಿತ್ತಾ?" ಎಂದು ಅತ್ತೆ ಆಕ್ಷೇಪಿಸಿದರು.

"ಎಲ್ರೂ ಮಾವನ ಹತ್ರ ಬ್ಯುಸಿ ಇದ್ರಲ್ಲ ಅಜ್ಜಿ" ಎಂದಳು.

ಮರುದಿನ ಕೇಬಲ್‌ನವರು ಬಂದು ಎಲ್ಲ ಸರಿಮಾಡಿದರು. ಕೊಂಬೆ ಬಿದ್ದರೆ ಓಡಿಹೋಗಿ ವೈರ್ ಬದಲಿಸುವ ಹಳೆಯ ಪದ್ಧತಿಯೇ ಈಗಲೂ ಜಾರಿಯಲ್ಲಿದೆ. ನಾನು ಆ ವಿಷಯವನ್ನೇ ಎತ್ತದೆ ಒಂದು ವಾರ ತಲೆ ತಗ್ಗಿಸಿ ಪಾಠ ಮಾಡಿದೆ. ಶನಿವಾರ ಸಂಜೆ ದೀಕ್ಷಾ ಫೋನ್ ಮಾಡಿದಳು.

"ಮಾವ, ನಾಳೆ ಬರ್ತೀರಲ್ವಾ?"

"ಯಾಕಮ್ಮ, ಮತ್ತೆ ನೆಟ್ ಹಾಳಾಯ್ತಾ?"

"ಇಲ್ಲ ಮಾವ, ತುಂಬಾ ಚೆನ್ನಾಗಿದೆ" ಎಂದು ಧ್ವನಿ ತಗ್ಗಿಸಿದಳು. "ಅದಕ್ಕೇ ಕರೀತಿರೋದು."

ನನ್ನ ಕೆಲಸ ನೋಡಿದ ಮೇಲೂ ನನ್ನನ್ನು ಮತ್ತೆ ಕರೆದವಳು ಇವತ್ತಿನವರೆಗೆ ಅವಳೊಬ್ಬಳೇ.