ಪೋಷಕರ ಕಾರಿನ ಬಣ್ಣ ಪರಿಶೀಲನಾ ಸಮಿತಿ

ಕಾರಿನ ಬಣ್ಣವು ಅದರ ಮಾಲೀಕರ ಸ್ವಭಾವವನ್ನು ತಿಳಿಸುತ್ತದೆ ಎಂಬುದು ೨೦೦೬ನೇ ಇಸವಿ ಮಾರ್ಚ್ ಹನ್ನೊಂದರ ಶನಿವಾರ ಬೆಳಗ್ಗೆ ಹನ್ನೊಂದೂವರೆಗೆ, ಹಿಂದೂಪುರದ ನಮ್ಮ ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ, ಸರ್ವಾನುಮತದಿಂದ ನಿಜವಾಯಿತು. ಅಲ್ಲಿಯವರೆಗೆ ಅದು ಕೆಲವರ ಅಭಿಪ್ರಾಯ ಮಾತ್ರವಾಗಿತ್ತು.

ಸಭೆ ಕರೆಯಲು ಕಾರಣವಿತ್ತು. ಒಂದನೇ ತರಗತಿಗೆ ಸೇರುವ ಮಕ್ಕಳನ್ನಾಗಲಿ ಅವರ ತಂದೆತಾಯಿಯನ್ನಾಗಲಿ ಸಂದರ್ಶನ ಮಾಡಕೂಡದು ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ನಮ್ಮದು ಕಾನೂನಿಗೆ ತಲೆಬಾಗುವ ಸಂಸ್ಥೆ. ಸುತ್ತೋಲೆಯನ್ನು ನಾನೇ ಎರಡು ಸಲ ಓದಿದೆ. ಕಾರನ್ನು ಸಂದರ್ಶನ ಮಾಡಕೂಡದೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ನಾನು ಶಾಲೆಯ ಹಾಸ್ಟೆಲಿನ ಮೇಟ್ರನ್. ಬಳ್ಳಾರಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ಮಕ್ಕಳ ಉಗುರು ನೋಡಿ ಮನೆತನ ಹೇಳುತ್ತಿದ್ದರು. ಆದ್ದರಿಂದ ಕಾರು ನೋಡಿ ಪೋಷಕರನ್ನು ಅಳೆಯುವುದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ಸಮಿತಿಯ ಕಾರ್ಯದರ್ಶಿಯಾಗಿ ನನ್ನನ್ನು ನೇಮಿಸಿದರು, ಏಕೆಂದರೆ ನನ್ನ ಕೈಬರಹ ಚೆನ್ನಾಗಿದೆ ಮತ್ತು ನನಗೆ ಕಾರಿಲ್ಲ.

ಶಾಲೆಯ ಮಾಲೀಕರನ್ನು ನಮ್ಮ ಕಡೆ ಕರೆಸ್ಪಾಂಡೆಂಟ್ ಎನ್ನುತ್ತಾರೆ. ನಮ್ಮ ಕರೆಸ್ಪಾಂಡೆಂಟ್ ಹರಿಕೃಷ್ಣ ಅವರು ಮೊದಲು ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದರು. ಮೊಳಕೆ ಬಾರದ ವಿಷಯದಲ್ಲಿ ರೈತರೊಂದಿಗೆ ಅಭಿಪ್ರಾಯಭೇದ ಬಂದ ಮೇಲೆ ಶಿಕ್ಷಣಕ್ಕೆ ತಿರುಗಿದರು. ಅನಂತಪುರದ ಹಲ್ಲಿನ ಡಾಕ್ಟರ ಬಳಿ ಕಾಯುತ್ತಿದ್ದಾಗ ಅವರು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕಾರಿನ ಬಣ್ಣದ ಬಗೆಗಿನ ಲೇಖನ ನೋಡಿ, ಪತ್ರಿಕೆಯನ್ನು ಜೊತೆಗೇ ತಂದಿದ್ದರು. ಅದರ ಪ್ರಕಾರ ಬಿಳಿ ಕಾರಿನವರು ಶಿಸ್ತಿನವರು, ನೀಲಿಯವರು ನಂಬಿಕಸ್ಥರು, ಕಪ್ಪಿನವರಿಗೆ ಅಧಿಕಾರದ ಆಸೆ, ಕೆಂಪಿನವರು ಮುಂಗೋಪಿಗಳು. ಹಸಿರು, ಹಳದಿ ಇದ್ದ ಹಾಳೆಯನ್ನು ನಮಗಿಂತ ಮೊದಲು ಯಾರೋ ಅದರ ಹಿಂಬದಿಯಲ್ಲಿದ್ದ ಅಡುಗೆಯ ವಿವರಕ್ಕಾಗಿ ಹರಿದುಕೊಂಡಿದ್ದರು. ಹರಿಕೃಷ್ಣ ಅವರ ಬೀಗರ ಜೀಪು ಹಸಿರು. ಬೀಗರೊಂದಿಗಿನ ಅವರ ಅನುಭವದ ಮೇಲೆ ಹಸಿರಿನವರು ಕೊಟ್ಟ ಮಾತಿಗೆ ತಪ್ಪುವವರು ಎಂದು ತೀರ್ಮಾನವಾಯಿತು. ಹಳದಿಯನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಕರೆಸ್ಪಾಂಡೆಂಟರ ಸ್ವಂತ ಕಾರು ಕೆಂಪು. ಈ ಬಗ್ಗೆ ಒಂದು ಗಂಟೆ ಚರ್ಚೆ ನಡೆದು, ಅದು ‘ಗಾಢ ಬಿಳಿ’ ಎಂದು ದಾಖಲಾಯಿತು.

ಸೋಮವಾರ ಗೇಟಿನ ಪಕ್ಕದ ಬೋರ್ಡಿನ ಮೇಲೆ ಹೀಗೆ ಬರೆದು ಅಂಟಿಸಿದೆ:

“ಪ್ರಕಟಣೆ. ಪ್ರವೇಶ ಕೋರುವ ಪೋಷಕರು ತಮ್ಮ ಕಾರಿನೊಂದಿಗೆ ಹಾಜರಾಗತಕ್ಕದ್ದು. ಕಾರಿನ ಪರಿಶೀಲನೆ ನಡೆಯುವಾಗ ಪೋಷಕರು ಬಾಯಿ ಹಾಕಕೂಡದು. ಬಾಡಿಗೆ ಕಾರಿನ ಗುಣವು ಬಾಡಿಗೆಯ ಅವಧಿಗೆ ಮಾತ್ರ ಮಾನ್ಯ. ಸ್ಕೂಟರ್ ಉಳ್ಳವರ ಗುಣವನ್ನು ಅರ್ಧವೆಂದು ಎಣಿಸಲಾಗುವುದು. ಬಸ್ಸಿನಲ್ಲಿ ಬಂದವರು ಬಸ್ಸಿನ ಬಣ್ಣವನ್ನು ತಮ್ಮದೆಂದು ಹೇಳಿಕೊಳ್ಳುವಂತಿಲ್ಲ. ಅದು ಸರ್ಕಾರದ ಸ್ವಭಾವ. ಶುಲ್ಕ ಐದು ನೂರು ರೂಪಾಯಿ. ವಾಪಸಿಲ್ಲ.”

ನಮ್ಮ ಹಾಸ್ಟೆಲಿಗೆ ಮಕ್ಕಳನ್ನು ಬಿಡುವವರು ಹೆಚ್ಚಾಗಿ ಕಲ್ಯಾಣದುರ್ಗ, ಬೆಳುಗುಪ್ಪ, ಕಂಬದೂರಿನ ಕಡೆಯವರು. ಆ ದಾರಿಯಲ್ಲಿ ಆಗ ಎಲ್ಲಾ ಕಡೆ ರಸ್ತೆ ಅಗೆದು ಹಾಕಿದ್ದರು. ಯಾವ ಬಣ್ಣದ ಕಾರು ಹೊರಟರೂ ಗೇಟಿಗೆ ಬರುವಷ್ಟರಲ್ಲಿ ಕೆಮ್ಮಣ್ಣಿನ ಬಣ್ಣವಾಗಿರುತ್ತಿತ್ತು. ಹೀಗೆ ಮೊದಲ ವಾರ ಬಂದ ನಲವತ್ತು ಪೋಷಕರೂ ಮುಂಗೋಪಿಗಳೆಂದು ದಾಖಲಾದರು.

ಬೆಳುಗುಪ್ಪದ ನಾರಪ್ಪನವರು, ಸರ್ಪಂಚರಾಗಿದ್ದವರು, ತಮ್ಮ ಮೊಮ್ಮಗನ ಸೀಟಿಗೆ ಬಂದಿದ್ದರು. ಟವೆಲಿನಿಂದ ಬಾನೆಟ್ ಒರೆಸುತ್ತಾ, “ಧೂಳು ಕಣಮ್ಮ ಇದು. ಬೆಳಿಗ್ಗೆ ಊರು ಬಿಟ್ಟಾಗ ಹಾಲಿನಂಗಿತ್ತು ಕಾರು. ಕಣ್ಣು ಕಾಣಾಕಿಲ್ವ ನಿಮ್ಗೆ?” ಎಂದರು.

ಗೇಟಿನಲ್ಲಿ ಕಂಡ ಬಣ್ಣವೇ ಬಣ್ಣ ಎಂಬ ನಿಯಮವನ್ನು ನಾನು ಓದಿ ಹೇಳಿದೆ. ಅವರು ಬೀದಿಯ ತುದಿಯ ಹೋಟೆಲಿನವರೆಗೆ ಕೇಳುವ ಹಾಗೆ ಕೂಗಿದರು. ಕೂಗಿದ ಸಮಯ ಹತ್ತು ನಲವತ್ತು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಪಡೆದೆ. ಸಹಿ ಮಾಡುವಾಗ ಪೆನ್ನಿನ ಮೂತಿ ಮುರಿದರು. ಅದನ್ನೂ ನಮೂದಿಸಿದೆ. ನಲವತ್ತು ಜನರಲ್ಲಿ ಮೂವತ್ತೇಳು ಮಂದಿ ಇದೇ ರೀತಿ ವರ್ತಿಸಿದ್ದರಿಂದ ಸಮಿತಿಯ ವಿಧಾನ ಎಷ್ಟು ನಿಖರವೆಂದು ಎಲ್ಲರಿಗೂ ಮನವರಿಕೆಯಾಯಿತು.

ಆದರೂ ಸಂಸ್ಥೆಗೆ ಕರುಣೆಯಿದೆ. ಕರೆಸ್ಪಾಂಡೆಂಟರ ಭಾಮೈದ ಗೇಟಿನ ಎದುರಿಗೇ ಕಾರು ತೊಳೆಯುವ ಜಾಗ ತೆರೆದರು. ಬಕೆಟ್ಟಿಗೆ ಮೂವತ್ತು ರೂಪಾಯಿ. ನೀರು ಹಾಸ್ಟೆಲಿನ ತೊಟ್ಟಿಯದು. ಆ ತಿಂಗಳು ನನ್ನ ಹುಡುಗಿಯರು ದಿನ ಬಿಟ್ಟು ದಿನ ಸ್ನಾನ ಮಾಡಿದರು. ಮಿತವ್ಯಯವನ್ನು ಚಿಕ್ಕಂದಿನಲ್ಲೇ ಕಲಿಯಬೇಕು.

ತೊಳೆದ ಮೇಲೆ ನಿಜವಾದ ಬಣ್ಣಗಳು ಹೊರಬಿದ್ದವು. ಹೊರಬಿದ್ದದ್ದನ್ನು ನೋಡಿ ಪೋಷಕರು ಊರಿಗೆ ಹಿಂತಿರುಗಿ ಕಾರುಗಳಿಗೆ ಬಿಳಿ ಹೊಡೆಸಲು ಶುರುಮಾಡಿದರು. ಕಲ್ಯಾಣದುರ್ಗದಲ್ಲಿ ಆ ಕೆಲಸಕ್ಕೆ ಹೆಸರಾದವನು ಮುರಳಿಕೃಷ್ಣ. ಬೈಪಾಸಿನ ಹತ್ತಿರ ತಗಡಿನ ಶೆಡ್ಡಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಎರಡೂ ಮಾಡುತ್ತಿದ್ದ. ಎರಡು ತಿಂಗಳಲ್ಲಿ ಅವನು ನೂರಾ ಹತ್ತು ಜನರನ್ನು ಶಿಸ್ತಿನವರನ್ನಾಗಿ ಮಾಡಿದನೆಂದು ಕೇಳಿದ್ದೇನೆ. ಕೆಲವು ಡಾಕ್ಟರುಗಳು, ಒಬ್ಬ ಸಬ್-ರಿಜಿಸ್ಟ್ರಾರ್ ಕೂಡ ಅದರಲ್ಲಿದ್ದರು. ನಮ್ಮ ಶಾಲೆ ಇಪ್ಪತ್ತು ವರ್ಷದಲ್ಲಿ ಅಷ್ಟು ಮಾಡಿಲ್ಲ.

ಮೇ ಹದಿನೈದರಂದು ಕೊನೆಯ ಪರಿಶೀಲನೆ. ಶಾಲೆಯ ಮೈದಾನದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು, ಬಿಸಿಲಿಗೆ ನೋಡಲಾಗುತ್ತಿರಲಿಲ್ಲ. ಎಲ್ಲವೂ ಬಿಳಿ. ಕೊನೆಯಲ್ಲಿ ಒಂದು ಹಳೆಯ ಮಾರುತಿ ಮಾತ್ರ ಬೂದಿ ಬಳಿದ ಹಾಗೆ ಮಂಕಾಗಿ ನಿಂತಿತ್ತು. ಬಣ್ಣವೆಲ್ಲಾ ಉಜ್ಜಿ ತೆಗೆದು, ಬಣ್ಣಕ್ಕೆ ಮುಂಚೆ ಹಚ್ಚುವ ಪ್ರೈಮರ್ ಮಾತ್ರ ಹೊಡೆದಿದ್ದ ಕಾರು. ಅದರಿಂದ ಮುರಳಿಕೃಷ್ಣ ಇಳಿದ. ಹಿಂದಿನ ಬಾಗಿಲಿನಿಂದ ಅವನ ತಾಯಿ ಗಂಗಕ್ಕ, ಮಗಳು ಕೀರ್ತನಾ ಇಳಿದರು. ಮಗುವಿಗೆ ಆರು ವರ್ಷ. ಅವಳಿಗೆ ನಮ್ಮಲ್ಲಿ ಸೀಟು ಸಿಗಬೇಕೆಂದೇ ಮುರಳಿಕೃಷ್ಣ ಎರಡು ವರ್ಷದಿಂದ ಭಾನುವಾರವೂ ಶೆಡ್ಡು ತೆರೆಯುತ್ತಿದ್ದನಂತೆ. ಉಳಿದ ಸೀಟುಗಳು ಮೊದಲೇ ತುಂಬಿ, ಅಂದು ಅಷ್ಟೂ ಕಾರುಗಳಿಗೆ ಉಳಿದಿದ್ದದ್ದು ಒಂದೇ ಸೀಟು.

ಯಾರೂ ಕೇಳದೆಯೇ ಕೀರ್ತನಾ ಮೈದಾನವನ್ನೊಮ್ಮೆ ನೋಡಿ, “ಅರವತ್ಮೂರು ಕಾರು, ನಮ್ದು ಬಿಟ್ರೆ ಅರವತ್ತೆರಡು ಬಿಳಿ” ಎಂದಳು. ಮಗುವಿನ ಬುದ್ಧಿಯನ್ನು ಗಮನಿಸುವುದು ಸುತ್ತೋಲೆಗೆ ವಿರುದ್ಧವಾದ್ದರಿಂದ ನಾನು ಕೇಳಿಸಿಕೊಳ್ಳಲಿಲ್ಲ.

ಕಾರಿಗೆ ಬಣ್ಣ ಯಾಕಿಲ್ಲವೆಂದು ವಿಚಾರಿಸಿದೆ. ಮುರಳಿಕೃಷ್ಣ ಕೈ ಕಟ್ಟಿಕೊಂಡು ತಾಯಿಯ ಕಡೆ ನೋಡಿದ. ಗಂಗಕ್ಕನೇ ಹೇಳಿದಳು.

“ಏನ್ ಹೇಳಾನಮ್ಮ, ಊರಾಗೆ ಬಿಳೀ ಬಣ್ಣ ಖಾಲಿ. ಅನಂತಪುರದಾಗೂ ಇಲ್ವಂತೆ. ಒಂದು ಡಬ್ಬ ತನ್ ಕಾರಿಗೆ ಅಂತ ಎತ್ತಿಟ್ಟಿದ್ದ. ಇಗಾ, ಆ ನಾರಪ್ಪ ಬಂದು, ಇರಾ ಬಿಳಿ ಸಾಲ್ದು, ಮ್ಯಾಲೆ ಇನ್ನೊಂದು ಬಿಳಿ ಹೊಡಿ, ಮೊಮ್ಮಗನ ಸೀಟು, ಮೊಮ್ಮಗನ ಸೀಟು ಅಂತ ಅತ್ಕಂಡು ನಿಂತ. ಇವ್ನು ಕೊಟ್ಬುಟ್ಟ. ಊರೋರ ಕಾರೆಲ್ಲಾ ಮದ್ಲಿಂಗನಂಗೆ ಮಾಡ್ಬುಟ್ಟು ತನ್ನ ಕಾರು ಬೋಳಿಸ್ಕಂಡು ಕುಂತವ್ನೆ.”

ಸಮಿತಿಗೆ ಅಂದು ಎರಡು ತೊಡಕು ಎದುರಾದವು. ಅರವತ್ತೆರಡು ಪೋಷಕರೂ ಶಿಸ್ತಿನವರಾದ್ದರಿಂದ ಅವರಲ್ಲಿ ಯಾರನ್ನೂ ತಿರಸ್ಕರಿಸಲು ಆಗುತ್ತಿರಲಿಲ್ಲ. ಅರವತ್ತಮೂರನೆಯವನಿಗೆ ಬಣ್ಣವೇ ಇಲ್ಲದ್ದರಿಂದ ಸ್ವಭಾವವೇ ಇರಲಿಲ್ಲ. ಹರಿಕೃಷ್ಣ ಅವರು ಬಹಳ ಹೊತ್ತು ಗಲ್ಲ ಕೆರೆದುಕೊಂಡು, ಮುರಳಿಕೃಷ್ಣನನ್ನು ಆಫೀಸಿಗೆ ಕರೆಸಿ, ಕುರ್ಚಿ ತೋರಿಸಿ, ಸಲಿಗೆಗೆ ತೆಲುಗು ಬೆರೆಸಿ ಮೆಲ್ಲಗೆ ಕೇಳಿದರು.

“ಚೂಡಪ್ಪಾ ಮುರಳೀ, ಈ ಕಾರುಗಳು ನಿನ್ನ ಶೆಡ್ಡಿಗೆ ಬಂದಾಗ ಯಾವ ಬಣ್ಣ ಇದ್ವು, ಎಲ್ಲಾ ನಿನಗೆ ಗೊತ್ತು. ಒಂದು ಲಿಸ್ಟು ಬರೆದು ಕೊಡು. ಆ ಸೀಟು ನಿನ್ನ ಮಗಳಿಗೆ.”

ಮುರಳಿಕೃಷ್ಣ ಕಿಟಕಿಯಿಂದ ಮೈದಾನ ನೋಡಿದ. ಅಲ್ಲಿದ್ದವರೆಲ್ಲ ಅವನ ಗಿರಾಕಿಗಳು. ಅವರೂ ಅವನನ್ನೇ ನೋಡುತ್ತಿದ್ದರು. ನಾರಪ್ಪನವರು ಮೊಮ್ಮಗನ ತಲೆಯ ಮೇಲೆ ಟವೆಲ್ ಹಿಡಿದು ನೆರಳು ಮಾಡಿದ್ದರು. ನಾನು ಪೆನ್ನು, ಹಾಳೆ ಮುಂದಿಟ್ಟೆ. ಬಾಗಿಲಲ್ಲಿ ನಿಂತಿದ್ದ ಗಂಗಕ್ಕ ಮಗನಿಗೆ, “ಮಗಾ ಮುಖ್ಯ ಕಣ್ಲಾ, ಯೋಚ್ನೆ ಮಾಡು” ಎಂದಳು. ಮರುಕ್ಷಣವೇ, “ಆಮೇಲೆ ಊರಾಗೆ ತಲೆ ಎತ್ಕಂಡು ತಿರುಗಾಕಾಯ್ತದಾ, ಅದ್ನೂ ಯೋಚ್ನೆ ಮಾಡು” ಎಂದಳು.

“ನಂಬಿ ಬಂದೋರ ಬಣ್ಣ ನಾ ಹೇಳಾಕಿಲ್ಲ ಸಾರ್,” ಎಂದ ಅವನು. “ಒಳಗೇನೈತೆ ಅಂತ ಬೇಕಿದ್ರೆ ನೀವೇ ಕೆರೆದು ನೋಡ್ಕಳ್ಳಿ.”

ಇದನ್ನು ಅವನು ಬೇಸರಕ್ಕೆ ಹೇಳಿದನೆಂದು ಈಗ ಕೆಲವರು ವಾದಿಸುತ್ತಾರೆ. ನಾನು ಅದನ್ನು ಸಲಹೆ ಎಂದು ಬರೆದುಕೊಂಡೆ. ಐದು ನಿಮಿಷದಲ್ಲಿ ಅದು ನಿಯಮ ಹದಿನಾಲ್ಕು ಆಯಿತು: ಪ್ರತಿ ಕಾರಿನ ಎಡ ಬಾಗಿಲಿನ ಮೇಲೆ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಬಣ್ಣ ಕೆರೆದು ಅಡಿಯ ಸ್ವಭಾವವನ್ನು ನೋಡತಕ್ಕದ್ದು. ಕೆರೆತ ಶುಲ್ಕ ಇನ್ನೂರೈವತ್ತು.

ಸಲಹೆ ಕೊಟ್ಟವನಿಂದಲೇ ಆರಂಭಿಸುವುದು ನ್ಯಾಯವೆಂದು ಮುರಳಿಕೃಷ್ಣನ ಕಾರನ್ನು ಮೊದಲು ಕೆರೆದೆವು. ಪ್ರೈಮರಿನ ಅಡಿಯಲ್ಲಿ ಹೊಳೆಯುವ ತಗಡು ಬಂತು. ತಗಡಿನ ಬಗ್ಗೆ ಲೇಖನದಲ್ಲಿ ಏನೂ ಇರಲಿಲ್ಲ. ಹರಿದ ಹಾಳೆಯಲ್ಲಿ ಇದ್ದಿರಬಹುದೆಂದು ಹರಿಕೃಷ್ಣ ಅವರು ಅಭಿಪ್ರಾಯಪಟ್ಟರು. ಇಲ್ಲದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ. ರಿಜಿಸ್ಟರಿನಲ್ಲಿ ಪೋಷಕರ ಗುಣ ಎಂಬ ಅಂಕಣದಲ್ಲಿ ‘ಬರಬೇಕಾಗಿದೆ’ ಎಂದು ಬರೆದೆ.

ನಾರಪ್ಪನವರ ಕಾರಿನಲ್ಲಿ ಬಿಳಿಯ ಕೆಳಗೆ ಇನ್ನೊಂದು ಬಿಳಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಕಪ್ಪು ಬಂತು. ಅವರು ಕೊಳ್ಳುವ ಮುಂಚೆ ಅದಕ್ಕೆ ಮೂವರು ಮಾಲೀಕರಿದ್ದರಂತೆ. “ಅವರ ಬುದ್ಧಿಗೆಲ್ಲಾ ನಾನು ಜವಾಬ್ದಾರಿನಾ?” ಎಂದು ಕೇಳಿದರು. ಕಾರಿನ ತೆರಿಗೆ ಹೇಗೆ ಹೊಸ ಮಾಲೀಕನಿಗೆ ಸೇರುತ್ತದೆಯೋ ಸ್ವಭಾವವೂ ಹಾಗೆಯೇ ಎಂದು ತಿಳಿಸಿದೆ. ಆದರೆ ಮೇಲೆ ಶಿಸ್ತು, ನಡುವೆ ಮಾತಿಗೆ ತಪ್ಪುವುದು, ತಳದಲ್ಲಿ ಅಧಿಕಾರದ ಆಸೆ, ಇದು ಸಾರ್ವಜನಿಕ ಜೀವನದವರಿಗೆ ಸಹಜವಾದ ಜೋಡಣೆ ಎಂದು ಸಮಿತಿ ಮೆಚ್ಚಿಕೊಂಡು, ಉಳಿದಿದ್ದ ಸೀಟನ್ನು ಅವರ ಮೊಮ್ಮಗನಿಗೆ ಕೊಟ್ಟಿತು.

ಕೀರ್ತನಾಳನ್ನೂ ನಾವು ಕೈಬಿಡಲಿಲ್ಲ. ಪೂರ್ತಿ ಫೀಜು ಕಟ್ಟಿ ತರಗತಿಯಲ್ಲಿ ಕೂರಬಹುದು, ಹಾಸ್ಟೆಲಿನಲ್ಲಿ ಮಲಗಬಹುದು, ಪರೀಕ್ಷೆ ಬರೆಯಬಹುದು. ತಂದೆಯ ಗುಣ ಬರುವವರೆಗೆ ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಲಾಗದು, ಅಷ್ಟೇ. ಮುರಳಿಕೃಷ್ಣ ನಮಸ್ಕಾರ ಮಾಡಿ, ಬಿಳಿ ಬಣ್ಣದ ಲೋಡು ಬಂದ ದಿನವೇ ಕಾರಿಗೆ ಹೊಡೆದು ತರುವುದಾಗಿ ಹೇಳಿದ.

ದುರದೃಷ್ಟವಶಾತ್ ಅದು ಸಾಧ್ಯವಾಗಲಿಲ್ಲ. ನಾವು ಕೆರೆದರೆ ಬಣ್ಣ ಹೆಚ್ಚು ಕಿತ್ತು ಬರುತ್ತಿತ್ತು. ಅಳತೆಗೆ ಸರಿಯಾಗಿ ದುಂಡಗೆ ಕೆರೆಯುವ ಕೈ ಮುರಳಿಕೃಷ್ಣನದು ಮಾತ್ರ. ಆದ್ದರಿಂದ ಅವನನ್ನೇ ಶಾಲೆಯ ಅಧಿಕೃತ ಕೆರೆತಗಾರನಾಗಿ ನೇಮಿಸಲಾಯಿತು. ಅಧಿಕೃತ ಕೆರೆತಗಾರನು ತನ್ನ ಕಾರಿಗೆ ತಾನೇ ಗುಣ ಹಚ್ಚಿಕೊಂಡರೆ ಅದು ಸ್ವಾರ್ಥವಾಗುತ್ತದೆ. ಬೇರೆಯವರಿಂದ ಹೊಡೆಸಿದರೆ ಅವನ ಕೆಲಸದ ಮೇಲೆ ಅವನಿಗೇ ನಂಬಿಕೆಯಿಲ್ಲವೆಂದಾಗುತ್ತದೆ. ಈ ಎರಡನ್ನೂ ನಿಯಮ ಹದಿನೈದರಲ್ಲಿ ನಿಷೇಧಿಸಲಾಗಿದೆ. ಅವನಿಗೆ ಓದಿ ಹೇಳಿದಾಗ ಎರಡು ಸಲ ಕೇಳಿಸಿಕೊಂಡು, “ಸರಿಯಾಗೇ ಐತೆ ಬುಡಿ ಅಮ್ಮ” ಎಂದ.

ವರ್ಷ ತುಂಬುವುದರೊಳಗೆ ಎಡ ಬಾಗಿಲಿನ ಮೇಲೆ ರೂಪಾಯಿ ಅಗಲದ ಗುರುತು ಇಲ್ಲದ ಕಾರಿನವರನ್ನು ಜನ ಅನುಮಾನದಿಂದ ನೋಡತೊಡಗಿದರು. ಕಲ್ಯಾಣದುರ್ಗದ ಕಡೆ ಹೆಣ್ಣು ನೋಡಲು ಹೋಗುವವರು ಮೊದಲು ಕಾರಿನ ಎಡಗಡೆ ಕಾಣುವ ಹಾಗೆ ನಿಲ್ಲಿಸುತ್ತಿದ್ದರು. ಸೋಮಂದೇಪಲ್ಲಿಯ ಒಬ್ಬರು ಷೋರೂಮಿನಿಂದ ಹೊಸ ಕಾರು ತಂದು, ಚಕ್ರಕ್ಕೆ ನಿಂಬೆಹಣ್ಣು ಇಡುವ ಮೊದಲೇ ಮುರಳಿಕೃಷ್ಣನಿಂದ ಕೆರೆಸಿದರು. ಮಕ್ಕಳಿಲ್ಲದವರೂ ಕೆರೆಸಿಕೊಂಡರು. ಅವರಿಗೆ ಶುಲ್ಕ ದುಪ್ಪಟ್ಟು.

ತರಗತಿಯಲ್ಲಿ ಭಾರ್ಗವಿ ಟೀಚರ್ ಹಾಜರಿ ಕರೆದು ಮುಗಿಸಿ, ಪುಸ್ತಕ ಮುಚ್ಚಿ, “ಬರಬೇಕಾದವರು?” ಎನ್ನುತ್ತಿದ್ದರು. ಕೀರ್ತನಾ ಎದ್ದು ನಿಂತು, “ಪ್ರೆಸೆಂಟ್ ಮಿಸ್” ಎನ್ನುತ್ತಿದ್ದಳು. ಅವಳ ಉಚ್ಚಾರಣೆ ಬೇಗ ಸುಧಾರಿಸಿತು.

ಫೆಬ್ರವರಿಯ ವಾರ್ಷಿಕೋತ್ಸವದಲ್ಲಿ ಬಹುಮಾನದ ಪಟ್ಟಿಯನ್ನು ನಾನೇ ಓದಿದೆ. ಒಂದನೇ ತರಗತಿಯಲ್ಲಿ ಆರುನೂರಕ್ಕೆ ಐನೂರ ತೊಂಬತ್ತೊಂದು ಅಂಕ ಪಡೆದವರ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ನಿಯಮದಂತೆ, “ಪ್ರಥಮ ಸ್ಥಾನ, ಖಾಲಿ” ಎಂದು ಘೋಷಿಸಿದೆ. ಹರಿಕೃಷ್ಣ ಅವರು ಸ್ಟೀಲಿನ ಕಪ್ಪನ್ನು ಎತ್ತಿ ಸಭೆಗೆ ತೋರಿಸಿ, ಮತ್ತೆ ಮೇಜಿನ ಮೇಲಿಟ್ಟರು. ದ್ವಿತೀಯ ಸ್ಥಾನ ನಾರಪ್ಪನವರ ಮೊಮ್ಮಗನಿಗೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿ ಮುರಳಿಕೃಷ್ಣ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದ. ಆಮೇಲೆ ಪಕ್ಕದಲ್ಲಿದ್ದ ಅಪರಿಚಿತರೊಬ್ಬರ ಕಡೆ ಬಾಗಿ, ತಡೆಯಲಾರದೆ ಹೇಳಿದ:

“ಈಗ ಖಾಲಿ ಅಂತ ಕೂಗಿದ್ರಲ್ಲ ಸಾರ್, ಅದು ನಮ್ಮ ಹುಡುಗೀನೇ.”

ಅವರು ಎದ್ದು ನಿಂತು ಅವನ ಕೈ ಕುಲುಕಿದರು.