ಬಸ್ ಅಪ್ಪ, ಮಷೀನ್ ಅಪ್ಪ

ಸಣ್ಣ ಕೂಸಿರುವ ಮನೆಯಲ್ಲಿ ದಿನಕ್ಕೊಂದು ಭಾನಗಡಿ ನಡೆದೇ ನಡೆಯುತ್ತದೆ. ನಮ್ಮ ಮನೆಯಲ್ಲಿ ಅಪ್ಪಂದಿರು ಇಬ್ಬರಿದ್ದುದರಿಂದ ಎರಡು ನಡೆಯುತ್ತಿದ್ದವು.

ನಾನು ಕಲಬುರಗಿ-ಕಮಲಾಪುರ ಬಸ್ಸಿನ ಕಂಡಕ್ಟರ್. ಅವನು ಟೇಲರ್. ಮೋಮಿನಪುರದ ಒಬ್ಬ ಉಸ್ತಾದರ ಕೈಯಲ್ಲಿ ಕೆಲಸ ಕಲಿತು, ಜಗತ್ ಸರ್ಕಲ್ಲಿನ ಹತ್ತಿರ ಒಂದು ಮಷೀನು ಹಿಡಿಸುವಷ್ಟು ಅಂಗಡಿ ಹಾಕಿಕೊಂಡಿದ್ದ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ ಹಿಡಿದು ನಾವಿಬ್ಬರೂ ಇದ್ದೆವು. ಓಣಿಯವರು ನಮ್ಮನ್ನು ‘ದೋಸ್ತರು’ ಅನ್ನುತ್ತಿದ್ದರು. ನಾವು ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ಬೇರೆ ಮನೆ ಹುಡುಕಬೇಕಾಗುತ್ತಿತ್ತು. ಈಗ ಹೇಳಲು ಏನು ಸಂಕೋಚ, ಗಂಡ ಹೆಂಡತಿ ಹೇಗೆ ಬಾಳುತ್ತಾರೋ ಹಾಗೆ ಬಾಳಿದವರು ನಾವು. ಅಷ್ಟೇ ಪ್ರೀತಿ, ಒಂದು ಕೈ ಹೆಚ್ಚಿಗೆ ಜಗಳ.

ನನ್ನ ತಂಗಿ ಹೆರಿಗೆಯಲ್ಲಿ ತೀರಿಕೊಂಡಳು. ಅವಳ ಗಂಡ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಗಿ ಸೊಲ್ಲಾಪುರ ಸೇರಿದ. ಕೂಸು ನಮ್ಮ ಮನೆಗೆ ಬಂತು, ಆದರೆ ಕಾಯಂ ಆಗಿ ಅಲ್ಲ. ತಂಗಿಯ ಆ ಗಂಡನ ತಾಯಿ, ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದ ಗಟ್ಟಿ ಮುದುಕಿ, ನಾವೆಲ್ಲ ಆಯಿ ಅನ್ನುತ್ತಿದ್ದೆವು, ಮೊಮ್ಮಗಳನ್ನು ಕೈಗೆ ಕೊಡುವಾಗಲೇ ಖಡಾಖಂಡಿತ ಹೇಳಿದ್ದರು:

“ಜವಳ ಆಗೋತನಕ ನಿಮ್ಮ ಹಂತ್ಯಾಕ ಇರ್ಲಿ. ಅವತ್ತ ನೋಡ್ತೀನಿ. ಗಂಡಸರ ಕೈಯಾಗ ಕೂಸು ನೆಟ್ಟಗ ಬೆಳದಿಲ್ಲಂದ್ರ ಕರ್ಕೊಂಡು ಬಂದುಬಿಡಾಕಿ ನಾ.”

ಜವಳ, ಅಂದರೆ ಮೊದಲ ಕೂದಲು ತೆಗೆಸುವುದು, ಮೂರನೇ ವರ್ಷಕ್ಕೆ ಎಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ನಾವು ಪರೀಕ್ಷೆಗೆ ಕೂತವರೇ. ಕಮಲಾಪುರಕ್ಕೆ ಹೋಗುವ ಬಸ್ಸು ನನ್ನದೇ ಆದ್ದರಿಂದ, ನಮ್ಮ ಒಂದೊಂದು ಎಡವಟ್ಟನ್ನೂ ಆಯಿಗೆ ಹೋಗಿ ಹೇಳುವ ಮಂದಿಗೆ ಟಿಕೆಟ್ ಹರಿದು ಕೊಡುತ್ತಿದ್ದವನೂ ನಾನೇ.

ಬಾಗಿಲ ಮೇಲಿನ ಪಾಟಿ

ನಾನು ನಸುಕಿಗೆ ಡ್ಯೂಟಿಗೆ ಹೋಗಿ ಮಧ್ಯಾಹ್ನ ಬರುತ್ತಿದ್ದೆ. ಅವನು ಅಷ್ಟೊತ್ತಿಗೆ ಅಂಗಡಿಗೆ ಓಡುತ್ತಿದ್ದ. ಕೂಸನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳುವುದು ಹೊಸ್ತಿಲ ಮೇಲೆಯೇ. ಅವನು ಉಣಿಸಿದ್ದು ನನಗೆ ಗೊತ್ತಿಲ್ಲ, ನಾನು ಉಣಿಸಿದ್ದು ಅವನಿಗೆ ಗೊತ್ತಿಲ್ಲ. ಕೂಸಿಗೆ ಮಾತ್ರ ಎಲ್ಲ ಗೊತ್ತಿತ್ತು. ಮುಖ ಸಣ್ಣದು ಮಾಡಿ ಹೊಟ್ಟೆ ತೋರಿಸಿತೆಂದರೆ ಮುಗಿಯಿತು, ಇನ್ನೊಂದು ಊಟ. ಹೊಟ್ಟೆ ಕೆಟ್ಟು ಡಾಕ್ಟರ ಹತ್ತಿರ ಒಯ್ದರೆ, ಅವರು ಕೂಸಿಗೆ ಒಂದು ಔಷಧ ಬರೆದು ನಮ್ಮಿಬ್ಬರಿಗೂ ಚೆನ್ನಾಗಿ ಬೈದರು.

ಆಮೇಲೆ ಬಾಗಿಲಿಗೆ ಒಂದು ಪಾಟಿ, ಅದೇ ಬರೆಯುವ ಸ್ಲೇಟು, ತೂಗುಹಾಕಿದೆವು. ಅವನಿಗೆ ಮೊದಲೇ ಚಿತ್ರ ಬರೆಯುವ ಹುಚ್ಚು. ಊಟಕ್ಕೆ ಬಾಳೆಹಣ್ಣು, ಸ್ನಾನಕ್ಕೆ ತಂಬಿಗೆ, ಔಷಧಕ್ಕೆ ಚಮಚ ಎಂದು ಮೂರು ಚಿತ್ರ ಬರೆದ. ಯಾರು ಏನು ಮಾಡಿದರೂ ಅದರ ಮುಂದೆ ಒಂದು ಗೀಟು ಎಳೆಯಬೇಕು. ಅಕ್ಷರದಲ್ಲಿ ಬರೆಯೋ ಮಾರಾಯ ಅಂದರೆ ಕೇಳಲಿಲ್ಲ.

ಎರಡು ವಾರ ಸುಸೂತ್ರ ನಡೆಯಿತು. ಮೂರನೇ ವಾರ ಕೂಸಿನ ಹೊಟ್ಟೆ ಮತ್ತೆ ಕೆಟ್ಟಿತು. ಹೊಂಚಿ ನೋಡಿದೆ. ಅದು ಸ್ಟೂಲು ಹತ್ತಿ, ಬೆರಳಿಗೆ ಎಂಜಲು ಹಚ್ಚಿ, ಬಾಳೆಹಣ್ಣಿನ ಮುಂದಿನ ಗೀಟನ್ನು ಒರೆಸುತ್ತಿತ್ತು. ಒರೆಸಿದ್ದಷ್ಟೇ ಆದರೆ ಸಹಿಸುತ್ತಿದ್ದೆ. ಅವನ ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡು ತೆಗೆದುಕೊಂಡು ತಂಬಿಗೆಯ ಮುಂದೆ ತಾನೇ ಒಂದು ಗೀಟು ಎಳೆಯಿತು. ಅವನು ಎರೆದಿದ್ದಾನೆಂದು ನಾನು, ನಾನು ಎರೆದಿದ್ದೇನೆಂದು ಅವನು ಸುಮ್ಮನಿದ್ದೆವು. ಕೂಸಿನ ಮೈಮೇಲೆ ನೀರು ಬೀಳದೆ ಮೂರು ದಿನವಾಗಿತ್ತು.

ತಾಯಿನ್ನ ಕರ್ಕೊಂಡು ಬರ್ರಿ

‘ಅಪ್ಪಾ’ ಎಂದು ಕೂಸು ನಗುತ್ತ ಕೂಗಿದರೆ ಇಬ್ಬರೂ ಓಡುತ್ತಿದ್ದೆವು. ಕುಂಡಿ ತೊಳೆಸಿಕೊಳ್ಳಲು ಕೂಗಿದರೆ, ಅದು ನಿನ್ನನ್ನೇ ಕರೆದದ್ದು ಎಂದು ಇಬ್ಬರೂ ಕೂತಲ್ಲೇ ಕೂಡುತ್ತಿದ್ದೆವು. ಕೂಸು ಬೇಸತ್ತು ತಾನೇ ಹಾದಿ ಹುಡುಕಿಕೊಂಡಿತು. ನಾನು ಬಸ್ ಅಪ್ಪ, ಅವನು ಮಷೀನ್ ಅಪ್ಪ. ಅಲ್ಲಿಂದ ತಪ್ಪಿಸಿಕೊಳ್ಳುವ ಹಾದಿ ಬಂದಾಯಿತು.

ಒಮ್ಮೆ ಸೂಜಿ ಹಾಕಿಸಲು ಓಣಿಯ ದವಾಖಾನೆಗೆ ಹೋದೆ. ಸಾಲಿನಲ್ಲಿ ಎಲ್ಲ ಹೆಣ್ಣುಮಕ್ಕಳೇ. ಖಾಕಿ ಅಂಗಿ ಹಾಕಿಕೊಂಡು ಅವರ ನಡುವೆ ನಿಂತ ನನ್ನನ್ನು ನೋಡಿ ಒಬ್ಬರು ಸೀರೆಯ ಸೆರಗು ಸರಿಮಾಡಿಕೊಂಡರು, ಇನ್ನೊಬ್ಬರು ಕಮಲಾಪುರದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಒಂದು ತಾಸು ನಿಂತು ಮುಂದೆ ಹೋದರೆ ಸಿಸ್ಟರ್ ತಲೆ ಎತ್ತದೆ, “ತಾಯಿನ್ನ ಕರ್ಕೊಂಡು ಬರ್ರಿ” ಎಂದರು. ಇಲ್ಲ ಎಂದು ಹೇಳಲು ಬಾಯಿ ತೆರೆದೆ. ತಂಗಿಯ ನೆನಪಾಗಿ ಕೂಸಿನ ಫ್ರಾಕಿನ ಗುಂಡಿ ಸರಿಮಾಡುತ್ತ ನಿಂತೆ. ಸಿಸ್ಟರ್ ಅಷ್ಟರಲ್ಲಿ ಮುಂದಿನವರನ್ನು ಕರೆದುಬಿಟ್ಟರು. ಮನೆಯ ಹೆಂಗಸರು ಇಲ್ಲದೆ ಸೂಜಿ ಹಾಕುವುದಿಲ್ಲ, ಜ್ವರ ಬಂದರೆ ಗಂಡಸರಿಗೆ ನೋಡಲು ತಿಳಿಯುವುದಿಲ್ಲ ಎಂದು ಅವರ ವಾದ.

ನನಗೆ ಸಿಟ್ಟು ನೆತ್ತಿಗೇರಿತು. ಕೂಸನ್ನು ಬಗಲಿಗೆ ಹಾಕಿಕೊಂಡು ಜಗತ್‌ವರೆಗೂ ದಾಪುಗಾಲು ಹಾಕಿ, ಅರ್ಧ ಹೊಲಿದ ಪ್ಯಾಂಟು ಕೈಯಲ್ಲಿದ್ದ ಅವನನ್ನು ಮಷೀನಿನಿಂದ ಎಬ್ಬಿಸಿ ಎಳೆದುಕೊಂಡು ಬಂದೆ. ಮತ್ತೆ ಒಂದು ತಾಸು ಸಾಲು. ಸಿಸ್ಟರ್ ಈ ಸಲ ತಲೆ ಎತ್ತಿದರು. ಮೀಸೆಯಿದ್ದ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದ ಅವನನ್ನು ನೋಡಿ, ಇವರು ಯಾರು ಎಂದು ಕೇಳಿದರು.

“ನೀವ ಹೇಳಿದ್ರಲ್ರೀ,” ಅಂದೆ. “ಜ್ವರ ಬಂದ್ರ ಕೂಸಿನ ಮಗ್ಗಲದಾಗ ಎದ್ದು ಕೂಡಾವ್ರನ್ನ ಕರ್ಕೊಂಡು ಬಂದೀನಿ.”

ಸಿಸ್ಟರ್ ಇಬ್ಬರನ್ನೂ ನೋಡಿ ಸೂಜಿ ಹಾಕಿದರು. ಕೂಸು ಒಂದು ಹನಿ ಕಣ್ಣೀರು ಹಾಕಲಿಲ್ಲ. ಸೂಜಿ ನೋಡಿದ ಟೇಲರ್ ಮಾತ್ರ ತಲೆತಿರುಗಿ ಬೆಂಚಿನ ಮೇಲೆ ಕೂತ. ದಿನಾ ಸೂಜಿ ಹಿಡಿಯುವ ಗಂಡಸು!

ಉಳಿದ ತುಂಡು

ನಮ್ಮ ಕೂಸಿಗೆ ಫ್ರಾಕಿನ ಕೊರತೆ ಇರಲಿಲ್ಲ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳನ್ನೆಲ್ಲ ಅವನು ಮನೆಗೆ ತಂದು, ಕೂಸಿನ ಮೈಗೆ ಹಿಡಿದು ನೋಡಿ ಹೊಲಿಯುತ್ತಿದ್ದ. ಒಂದು ತೋಳು ಪ್ಯಾಂಟಿನ ಬಟ್ಟೆ, ಇನ್ನೊಂದು ಸಾಲಿ ಮಕ್ಕಳ ಯೂನಿಫಾರ್ಮು, ನಡುವೆ ಯಾರದೋ ಮದುವೆಯ ರೇಷ್ಮೆ. ಉಳಿದದ್ದನ್ನು ಗಿರಾಕಿಗೆ ಹೊಳ್ಳಿ ಕೊಡೋ ಅಂದರೆ, ಅಂಗೈ ಅಗಲದ ತುಂಡು ತೆಗೆದುಕೊಂಡು ಅವರೇನು ಮಾಡುತ್ತಾರೆ ಅನ್ನುತ್ತಿದ್ದ. ಅವನ ಅಂಗೈ ಕೂಸಿನ ಜೊತೆಗೇ ಬೆಳೆಯುತ್ತ ಹೋಯಿತು.

ಒಂದು ದಿನ ಬಸ್ಸಿನಲ್ಲಿ ಟೀಚರಮ್ಮ ಒಬ್ಬರು, ನನ್ನ ಜೊತೆ ಬಂದಿದ್ದ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮುದ್ದು ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ಅದರ ಫ್ರಾಕಿನ ಅಂಚು ಹಿಡಿದು ನೋಡಿದರು. ಕೂಸಿನ ಫ್ರಾಕು ನೀಲಿ, ಅದರ ಮೇಲೆ ಬಿಳಿ ಹೂವು. ಅವರ ಕುಬಸವೂ ನೀಲಿ, ಅದರ ಮೇಲೂ ಬಿಳಿ ಹೂವು. ಬಟ್ಟೆ ಸಾಲಲಿಲ್ಲ ಎಂದು ಅವರ ಕುಬಸಕ್ಕೆ ಬೆನ್ನಿನ ಕಡೆ ಬೇರೆ ಬಟ್ಟೆಯ ತ್ಯಾಪೆ ಹಾಕಿದ್ದ ನಮ್ಮ ಮಹಾಶಯ. ಟೀಚರಮ್ಮ ಟಿಕೆಟ್ಟಿನ ಚಿಲ್ಲರೆ ಎಣಿಸಿ ತೆಗೆದುಕೊಂಡರು. ಇಳಿಯುವಾಗ, “ಕಂಡಕ್ಟರೇ, ನನ್ನ ಬೆನ್ನು ನಿಮ್ಮ ಮಗಳ ಮೈಮ್ಯಾಲ ಬಹಳ ಛಲೋ ಕಾಣಸ್ತದ” ಎಂದಷ್ಟೇ ಹೇಳಿ ಇಳಿದರು.

ಸಂಜೆ ಮನೆಯಲ್ಲಿ ರಣರಂಗ. ಇನ್ನು ಮುಂದೆ ಒಂದು ದಾರದೆಳೆಯನ್ನೂ ಮುಟ್ಟುವುದಿಲ್ಲ ಎಂದು ಕೂಸಿನ ತಲೆ ಮುಟ್ಟಿ ಆಣೆ ಮಾಡಿದ. ಆಣೆ ಮಾಡುವಾಗಲೇ ಅವನ ಇನ್ನೊಂದು ಕೈ ಕೂಸಿನ ಭುಜದ ಅಳತೆ ತೆಗೆಯುತ್ತಿತ್ತು.

ಸೀಟಿ

ದೀಪಾವಳಿ ಬಂತೆಂದರೆ ಅವನಿಗೆ ಹೊಲಿಗೆಯ ಹೊರೆ. ಆಗ ಕೂಸು ನನ್ನ ಜೊತೆ ಬಸ್ಸಿನಲ್ಲಿ. ನಮ್ಮ ಡ್ರೈವರ್ ನಗುವನ್ನು ರೇಷನ್ನಿನಲ್ಲಿ ಕೊಡುವ ಮನುಷ್ಯ. ಮಕ್ಕಳೆಂದರೆ ಆಗದು. ತನಗೆ ಅಕ್ಕ ಇಲ್ಲ, ತಂಗಿ ಇಲ್ಲ, ಯಾರ ಮಗುವಿಗೂ ಸೋದರಮಾವನಾಗಿ ಖರ್ಚಿಗೆ ಬೀಳಬೇಕಾಗಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ಆದರೆ ಬಸ್ಸು ಕಮಲಾಪುರದಲ್ಲಿ ನಿಂತಾಗ ಕೂಸು ಸೀದಾ ಹೋಗಿ ಅವನ ತೊಡೆ ಏರಿ ಸ್ಟೇರಿಂಗ್ ಹಿಡಿಯುತ್ತಿತ್ತು. ಬೈಯುತ್ತಲೇ ಕೆಂಪು ಬಾಳೆಹಣ್ಣು ಸುಲಿದು ಕೊಡುತ್ತಿದ್ದ.

ಅವತ್ತು ಸುಮ್ಮನಿರಲಿ ಎಂದು ನನ್ನ ಹಳೆಯ ಸೀಟಿಯನ್ನು ಅದರ ಕೊರಳಿಗೆ ಕಟ್ಟಿದ್ದೆ. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಇದನ್ನು ಕಲಿಯಲು ನನಗೆ ಟ್ರೇನಿಂಗ್ ಕೊಟ್ಟಿದ್ದರು. ಕೂಸು ನೋಡಿಯೇ ಕಲಿತಿತ್ತು. ಊರು ದಾಟಿದ ಮೇಲೆ ಎಲ್ಲಿ ದನ ಕಂಡಿತೋ ಅಲ್ಲಿ ಒಂದು ಸೀಟಿ. ದನ ನೋಡಿ ಮುಗಿದ ಮೇಲೆ ಎರಡು. ಹಿಂದೆ ಗದ್ದಲದಲ್ಲಿ ಟಿಕೆಟ್ ಕೊಡುತ್ತಿದ್ದ ನನಗೆ ತಿಳಿಯುವುದರೊಳಗೆ ಐದು ಕಡೆ ನಿಂತಿತ್ತು. ಡ್ರೈವರ್ ಕೆಂಡವಾದ. ಒಬ್ಬ ಮುದುಕರು ಮಾತ್ರ ತಮ್ಮ ಹೊಲದ ಬದುವಿಗೇ ಇಳಿದು ಕೈ ಮುಗಿದರು. ಇಲ್ಲೊಂದು ಸ್ಟಾಪ್ ಕೊಡಿ ಎಂದು ಎಷ್ಟೋ ವರ್ಷದಿಂದ ಅರ್ಜಿ ಹಾಕಿದ್ದರಂತೆ.

ಮರುದಿನ ಅವರು ಅದೇ ಬದುವಿನ ಮೇಲೆ ನಿಂತು ಕೈ ಮಾಡಿದರು. ನಾನು ನಿಲ್ಲಿಸಲಿಲ್ಲ. ಹಿಂದಿನಿಂದ ಅವರು ಕೂಗಿದ್ದು ಬಸ್ಸಿಗೆಲ್ಲ ಕೇಳಿಸಿತು: “ದೊಡ್ಡ ಸಾಹೇಬ್ರು ಇವತ್ತ ರಜಾ ಏನ್ರೀ?”

ಜವಳ

ಕಡೆಗೂ ಆ ದಿನ ಬಂತು. ಜವಳದಲ್ಲಿ ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂಡಿಸಿ ಮೊದಲ ಕೂದಲು ತೆಗೆಯಬೇಕು. ಯಾರ ತೊಡೆಯ ಮೇಲೆ ಆ ಕೂದಲು ಬೀಳುತ್ತದೋ ಅವನೇ ಮಾವ. ತಾಯಿಯ ಅಣ್ಣ ನಾನು. ನಾನೇ ಕೂಡಬೇಕೆಂದು ಆಯಿ ಒಂದು ವಾರ ಮೊದಲೇ ಹೇಳಿ ಕಳಿಸಿದ್ದರು. ಅದರ ಒಳಮರ್ಮ ನನಗೆ ಗೊತ್ತಿತ್ತು. ಮಂದಿಯ ಮುಂದೆ ಮಾವನಾಗಿ ಕೂತರೆ ಅಪ್ಪನಲ್ಲ ಎಂದು ನಾನೇ ಒಪ್ಪಿದಂತೆ. ಮಾವನ ಮನೆಗೆ ಕೂಸು ಹಬ್ಬಕ್ಕೆ ಬರುತ್ತದೆ, ಹೋಗುತ್ತದೆ.

ವಾರವೆಲ್ಲ ಮನೆಯಲ್ಲಿ ಇದೇ ಜಗಳ. ಕಡೆಗೆ ಅವನು ಕತ್ತರಿ ಕೆಳಗಿಟ್ಟು ಹೇಳಿದ: “ನಾ ಕುಂದುರ್ತೀನಿ ಮಾವ ಆಗಿ. ನೀ ಅಪ್ಪ ಅಂತ ನಿಂದ್ರು. ಒಬ್ಬರರೆ ಉಳೀಲಿ.”

ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಎರಡೂವರೆ ವರ್ಷ ಕೂಸಿನ ಉಚ್ಚೆ ಬಟ್ಟೆ ತೊಳೆದವನು ಒಂದು ಕ್ಷೌರಕ್ಕೆ ಅಪ್ಪನ ಪಟ್ಟ ಬಿಟ್ಟುಕೊಡುತ್ತಾನೆಯೇ ಎಂದು ಬೈದೆ. ಏನೂ ತೀರ್ಮಾನವಾಗಲಿಲ್ಲ. ಹಾಗೆಯೇ ಬಸ್ಸು ಹತ್ತಿದೆವು. ಆಯಿ ಊಟಕ್ಕೆ ಹೇಳಿದ್ದರೆಂದು ಡ್ರೈವರೂ ನಮ್ಮ ಹಿಂದೆ ಬಂದ.

ಆಯಿಯ ಅಂಗಳದಲ್ಲಿ ಮಂದಿ ಕೂಡಿತ್ತು. ನಡುವೆ ಮಣೆ. ಕ್ಷೌರದವರು ಕತ್ತಿ ಮಸೆದು ಕಾಯುತ್ತಿದ್ದರು. ಮಾವ ಆದವರು ಬಂದು ಕೂಡಲಿ ಎಂದರು ಆಯಿ. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರೂ ಅಲುಗಲಿಲ್ಲ. ಇನ್ನೊಮ್ಮೆ ಕರೆದರು. ಮಂದಿ ಪಿಸುಗುಟ್ಟತೊಡಗಿತು. ಕೂಸು ಮಸೆದ ಕತ್ತಿಯನ್ನು ನೋಡಿತು. ದೀಪಾವಳಿಯಿಂದ ಬಿಚ್ಚಲು ಬಿಡದ ಕೊರಳ ಸೀಟಿ ಬಾಯಿಗೆ ಹೋಯಿತು. ಒಂದೇ ಒಂದು ಸೀಟಿ, ಅಂಗಳ ನಡುಗುವ ಹಾಗೆ. ಎಲ್ಲರೂ ನಿಂತಲ್ಲೇ ನಿಂತರು. ಬಸ್ಸು ನಿಂತಿತು ಎಂದರೆ ಮುಂದೆ ಎಲ್ಲಿ ಕೂಡಬೇಕೆಂಬುದು ಕೂಸಿಗೆ ಗೊತ್ತಿತ್ತು. ಓಡಿಹೋಗಿ, ಮೂಲೆಯಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದ ಡ್ರೈವರನ ತೊಡೆ ಏರಿ ಕೂತುಬಿಟ್ಟಿತು.

ಕ್ಷೌರದವರಿಗೆ ಇನ್ನೂ ಎರಡು ಮನೆಗೆ ಹೋಗುವುದಿತ್ತು. ಮಾವ ಇವರೇ ಎಂದು ತಿಳಿದು ಅಲ್ಲಿಗೇ ಹೋಗಿ ಕತ್ತಿ ಆಡಿಸಿಬಿಟ್ಟರು. ಮೊದಲ ಕೂದಲು ಡ್ರೈವರನ ಖಾಕಿ ಪ್ಯಾಂಟಿನ ಮೇಲೆ ಬಿತ್ತು. ಆಗಿಹೋದ ಜವಳವನ್ನು ಹೊಳ್ಳಿ ಮಾಡಲು ಬರುವುದಿಲ್ಲ. ಡ್ರೈವರ್ ಆ ಕೂದಲನ್ನು ನೋಡುತ್ತ ಕೂತ. ಕಣ್ಣು ತುಂಬಿದ್ದವು. ಕೂಸು ಅಲುಗಾಡದಿರಲೆಂದು ಅದರ ಗಲ್ಲವನ್ನು ಎರಡೂ ಕೈಯಿಂದ ಹಿಡಿದಿದ್ದ. ಮುಗಿದ ಮೇಲೆ, ಮಾವ ಬಟ್ಟೆ ಕೊಡಬೇಕಲ್ಲ, ಹೆಗಲ ಮೇಲಿನ ಹೊಸ ಟವೆಲ್ಲನ್ನು ತೆಗೆದು ಕೂಸಿಗೆ ಹೊದಿಸಿದ. ನಮ್ಮ ಟೇಲರ್ ಆಗಲೇ ಆ ಟವೆಲ್ಲಿನ ಅಗಲವನ್ನು ಗೇಣಿನಿಂದ ಅಳೆಯುತ್ತಿದ್ದ.

ಆಯಿ ಎದ್ದು ಬಂದರು. ಬೋಳು ತಲೆಗೆ ಗಂಧ ಹಚ್ಚಿದರು. ಹಚ್ಚುತ್ತ ಹಚ್ಚುತ್ತ ಅವರ ಕೈ ನಿಂತಿತು. ಕೂಸಿನ ಮೈಮೇಲೆ ಹೊಸ ಫ್ರಾಕು: ಹಸಿರು ಖಣ, ಕೆಂಪು ಅಂಚು. ಆಯಿಯ ಮೈಮೇಲೆ ಹೊಸ ಕುಬಸ: ಹಸಿರು ಖಣ, ಕೆಂಪು ಅಂಚು. ಹೋದ ತಿಂಗಳು ಕುಬಸ ಹೊಲಿಯಲು ಅವರೇ ಕಳಿಸಿದ್ದ ಖಣ. ಒಂದು ಬೆರಳಿನಷ್ಟೂ ಉಳಿಯಲಿಲ್ಲ ಎಂದು ಅವನು ನನ್ನ ಮುಂದೆಯೇ ಹೇಳಿ ಕಳಿಸಿದ್ದ. ಆಯಿ ನಿಧಾನವಾಗಿ ತಮ್ಮ ಕೈ ಎತ್ತಿ ನೋಡಿಕೊಂಡರು. ತೋಳು ಮೊಣಕೈಗಿಂತ ಒಂದು ಗೇಣು ಮೇಲೆ ನಿಂತಿತ್ತು.

ಕೂಸು ಹೋಯಿತು ಅಂದುಕೊಂಡೆ. ಅವನು ಗೋಡೆಗೆ ಆತುಕೊಂಡು ನಿಂತಿದ್ದ.

“ನನ್ನ ಮಗ ಹಡದಾನ,” ಅಂದರು ಆಯಿ. “ಸೊಲ್ಲಾಪುರದಿಂದ ಇಕಿ ಸಲುವಾಗಿ ಒಂದು ಗೇಣು ಅರಬಿ ಕಳಿಸಿಲ್ಲ. ನೀ ನೋಡಿದ್ರ ಇಕಿ ಸಲುವಾಗಿ ನನ್ನ ತೋಳ ಕದ್ದಿ.”

ಆಯಿ ಕೂಸನ್ನು ಎತ್ತಿ, ಮೊದಲು ಅವನ ಕೈಗೆ ಕೊಟ್ಟು, ನನ್ನ ಕೈಯನ್ನೂ ಎಳೆದು ಅದರ ಕೆಳಗೆ ಇಟ್ಟರು.

“ಅಪ್ಪಂದಿರು ನೀವ ಇಬ್ಬರ. ಕೂಸು ನಿಮ್ಮ ಹಂತ್ಯಾಕನ ಇರ್ಲಿ. ಇಕಿ ಒಂದೀಟು ಬೆಳದ ಮ್ಯಾಲ ಈ ಫ್ರಾಕ್ ಸಣ್ಣದಾಗ್ತದಲ್ಲ, ಅವತ್ತ ನನ್ನ ತೋಳು ಹೊಳ್ಳಿ ಹಚ್ಚಿಕೊಡು. ಅಲ್ಲೀತನಕ ನಾ ಸೆರಗು ಹೊತಗೊಂಡು ತಿರಗ್ತೀನಿ.”

ಕೂಸು ಎರಡು ಸೀಟಿ ಊದಿತು.